ಇರುವಿ ಕೊತ್ತಂಬ್ರಿ ಬೀಜ ಕಡದು ನಾಕು ಹೋಳು ಮಾಡ್ತಾವಂತ, ಖರೇ ಏನ್ರಿ?

ಲಿಂಬಿತೋಟ_ಇಂಡಿ:

ನಮಸ್ಕಾರ್ರಿ ಎಲ್ಲಾರಿಗೂ. ನಂದು ಇಂಡಿ ತಾಲೂಕ. ಲಿಂಬಿ ಗಿಡದ ಸಾಲಿನ ನಡುವ ಒಂದು ನಾಕು ಗುಂಟೆ ಮಸಾರಿ ಜಾಗ ಖಾಲಿ ಬಿದ್ದಿತ್ತು. ಹೋದ ವಾರ ಅಲ್ಲಿ ಮನಿ ಪೂರ್ತೆ ಕೊತ್ತಂಬ್ರಿ, ಮೆಂತೆ ಚೆಲ್ಲಿದ್ವಿ. ಮರುದಿನಾನ ಚಿತ್ತಿ ಮಳಿ ಒಂದು ಹದಾ ಬಿತ್ತು. ಮಳಿ ಹೊಳವಾದ ಮ್ಯಾಲೆ ಹೋಗಿ ನೋಡ್ತೀನಿ, ಬದುವಿನ ಮಗ್ಗಲಾಗ ಇರುವಿ ತೂತು. ತೂತಿನ ಸುತ್ತ ಎರಡು ಗೇಣು ಅಗಲ ಹೊಟ್ಟಿನ ಬಳಿ, ಕಣದಾಗ ತೂರಿದ ಮ್ಯಾಲೆ ಉಳೀತೈತಲ್ಲ ಹಂಗ. ಅದರ ಒಳಗಿನ ಅಂಗಳದಾಗ ಸಣ್ಣ ಸಣ್ಣ ಹುಲ್ಲಿನ ಬೀಜ ತೆಳ್ಳಗ ಹರವ್ಯಾವ. ನಮ್ಮವ್ವ ಮಾಳಿಗಿ ಮ್ಯಾಲೆ ಹಪ್ಪಳ ಒಣಾಕ ಹಾಕಿದಂಗ! ಅದರಾಗ ನಮ್ಮ ಕೊತ್ತಂಬ್ರಿ ಬೀಜಾನೂ ಇದ್ವು. ಆದ್ರ ಇಡೀ ಕಾಳಲ್ಲ, ಎಲ್ಲಾ ಅರ್ಧರ್ಧ ಹೋಳು.

ಈಗ ವಾಟ್ಸಾಪಿನ ಮಾತು ನೆನಪಾತು. ನೀವೂ ನೋಡಿರಬೇಕು. ‘ಇರುವೆ ಬೀಜವನ್ನು ಮೊಳಕೆ ಬರಬಾರದೆಂದು ಎರಡು ಹೋಳು ಮಾಡುತ್ತದೆ, ಕೊತ್ತಂಬರಿ ಮಾತ್ರ ಎರಡಾದರೂ ಮೊಳೆಯುತ್ತದೆಂದು ನಾಲ್ಕು ಮಾಡುತ್ತದೆ, ಇದನ್ನು ಕಲಿಸಿದವರಾರು’ ಅಂತ. ಅದು ಖರೇ ಏನು? ಹೋಳು ನಾ ಕಣ್ಣಾರೆ ನೋಡೀನಿ. ನಾಕು ಮಾಡಿದ್ದು ಸಿಗಲಿಲ್ಲ, ಎರಡು ಮಾತ್ರ.

ಇನ್ನೊಂದು, ನಮ್ಮ ಅಳಿಯ ಪುಡಿ ಹಾಕಿ ಮುಗಿಸಿಬಿಡ್ರಿ ಅಂತಾನ. ಸಾಲು ಹಿಡದು ಹೋದ್ರ ನಲವತ್ತು ಹೆಜ್ಜಿ ದೂರದಿಂದ ಬರಾಕತ್ತಾವ. ತಲಿ ಕೆಂಪಗ, ಹಿಂದಿನ ಭಾಗ ಕರ್ರಗ. ಗೊದ್ದಕ್ಕಿಂತ ಭಾಳ ಸಣ್ಣು. ಒಂದಕ್ಕ ತಲಿ ದೊಡ್ಡದು, ಒಂದಕ್ಕ ಸಣ್ಣದು. ಯಾವ ಇರುವಿ ಇವು?

ಬೀಜ_ಗೊಬ್ಬರ:

ಯಾಕ ತಲಿ ಕೆಡಿಸ್ಕೋತೀರಿ. ತೂತಿಗೆ ಪುಡಿ ಹಾಕ್ರಿ, ಒಂದು ಕೊಡ ನೀರು ಸುರೀರಿ, ಎರಡು ದಿನಕ್ಕ ಸಾಫ್. ಎಲ್ಲಾ ಅಂಗಡ್ಯಾಗೂ ಸಿಗ್ತೈತಿ.

ಜಮಖಂಡಿ_ಮಾಸ್ತರ:

ಪುಡಿ ಸ್ವಲ್ಪ ತಡೀರಿ. ಮದಲ ನನ್ನ ಒಂದು ಪ್ರಶ್ನೆಕ್ಕ ಉತ್ತರ ಕೊಡ್ರಿ: ಕೊತ್ತಂಬ್ರಿ ಬಿತ್ತೂಕಿಂತ ಮುಂಚೆ ಮನ್ಯಾಗ ಯಾರರೆ ಚಪ್ಲಿಲೆ ತಿಕ್ಕಿದ್ರೋ ಇಲ್ಲೋ? ಉತ್ತರ ಬರೂತನಕ ನಾ ಉಳಿದದ್ದು ಹೇಳ್ತೀನಿ.

ನೀವು ಹೇಳಿದ ಗುರುತು, ಅಂದ್ರ ಕೆಂಪು ತಲಿ, ಕರೆ ಹೊಟ್ಟಿ, ದೊಡ್ಡ ತಲಿಯವು ಸಣ್ಣ ತಲಿಯವು ಕೂಡೇ ನಡೆಯೋದು, ಹೊಟ್ಟಿನ ಬಳಿ, ಉದ್ದನ್ನ ಸಾಲು, ಇಷ್ಟೆಲ್ಲಾ ನೋಡಿದ್ರ ಇದು ನಮ್ಮ ಬಯಲಸೀಮಿ ಕೊಯ್ಲಿನ ಇರುವಿ. ಹೆಸರು ಟ್ರೈಕೊಮಿರ್ಮೆಕ್ಸ್ ಸ್ಕಾಬ್ರಿಸೆಪ್ಸ್. ‘ಸ್ಕಾಬ್ರಿಸೆಪ್ಸ್’ ಅಂದ್ರ ಒರಟು ತಲಿಯದು. ಭೂತಗನ್ನಡಿ ಇದ್ರ ತಲಿ ಮ್ಯಾಲೆ ನೋಡ್ರಿ, ಕುಂಟಿ ಹೊಡೆದ ಹೊಲದಂಗ ಸಣ್ಣ ಸಣ್ಣ ಗೆರಿ ಕಾಣ್ತಾವ. 1879ರಾಗ ಮಾಯರ್ ಅನ್ನೋ ಆಸ್ಟ್ರಿಯಾದ ಕೀಟಶಾಸ್ತ್ರಜ್ಞ ಹೆಸರಿಟ್ಟಾನ. ಕುಲದ ಹೆಸರು ಆಮ್ಯಾಲೆ ಎರಡು ಸಲ ಬದಲಾಗೇತಿ, ಸ್ಕಾಬ್ರಿಸೆಪ್ಸ್ ಉಳದೈತಿ. ಲಿಂಬಿ ಗಿಡಾ ಏರಿ ಹೇನಿನ ಸಿಹಿ ನೆಕ್ಕೋ ಇರುವಿ ಬ್ಯಾರೆ, ಇದು ಬ್ಯಾರೆ. ಇದು ನೆಲದ ಮ್ಯಾಲಿನ ಒಕ್ಕಲಿಗ.

ಮಳಿ ಆದ ಮ್ಯಾಲೆ ಬೀಜ ಹೊರಗ ಹರವಿದ್ದು ನೋಡಿದ್ರೆಲ್ಲ, ಅದನ್ನ ನೋಡಿ ಬರದಿಟ್ಟವರು ನಮ್ಮ ಮಗ್ಗಲಿನವರ. ಸೈಕ್ಸ್ ಅಂತ ಒಬ್ಬ ಲೆಫ್ಟಿನಂಟ್ ಕರ್ನಲ್, ಮುಂಬಯಿ ಸರಕಾರದ ಅಂಕಿಸಂಖ್ಯೆ ವರದಿ ಬರಿಯೋ ಕೆಲಸದಾಗಿದ್ದ. ಪುಣೆದಾಗ ಮಳಿಗಾಲದ ಮಳಿ ಹೊಡೆದ ಮ್ಯಾಲೆ ಇರುವಿ ಹುಲ್ಲಿನ ಬೀಜ ಹೊರಗ ತಂದು ಬಿಸಲಿಗೆ ಹಾಕಿದ್ದು ನೋಡಿದ. 1835ರಾಗ ಆ ಇರುವಿಗೆ ‘ಅಟ್ಟಾ ಪ್ರೊವಿಡೆನ್ಸ್’ ಅಂತ ಹೆಸರು ಕೊಟ್ಟ. ಪ್ರೊವಿಡೆನ್ಸ್ ಅಂದ್ರ ಮುಂದಿನದು ನೆನಸಿ ಇಡೂದು. ಈಗ ಅದು ಫೀಡೋಲೆ ಅನ್ನೋ ಕುಲದಾಗ ಸೇರೇತಿ, ನಿಮ್ಮ ಇರುವಿಯ ದೂರದ ಸಂಬಂಧಿ. ಎರಡರ ಕಸಬೂ ಒಂದ. ಯುರೋಪಿನ ಪಂಡಿತರು ಆ ಕಾಲಕ್ಕ ‘ಇರುವೆ ಕಾಳು ಕೂಡಿಡುತ್ತದೆ ಅನ್ನೋದು ಹಳೇ ಕಾಲದವರ ಕಟ್ಟುಕಥಿ’ ಅಂತ ನಗ್ತಿದ್ರು. ಅವರ ತಂಪು ದೇಶದ ಇರುವಿ ಕೂಡಿಡಂಗಿಲ್ಲಲ್ಲ, ಅದಕ್ಕ.

ಈಗ ಹೋಳಿನ ವಿಚಾರ. ನಾ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸ್ತಿದ್ದಾಗ ಒಂದು ತಪ್ಪು ಮಾಡೀನಿ. ಹುಡುಗೂರಿಗೆ ತೋರಸಬೇಕು ಅಂತ ಹುಮ್ಮಸ್ಸಿಗೆ ಬಿದ್ದು ಶಾಲಿ ಹಿಂದಿನ ಮರಡಿಯೊಳಗ ಒಂದು ಗೂಡು ಅಗಿಸಿದೆ. ಒಂಬತ್ತನೇತ್ತಾ ಹುಡುಗೂರು, ಎರಡು ಸಲಿಕಿ, ಒಂದು ಹಾರಿ. ತೂತು ನೆಟ್ಟಗ ಇಳೀಲಿಲ್ಲ, ಓರಿಯಾಗಿ ಹೋತು. ಒಂದು ಮಾರು ಹೋಗೂದರಾಗ ಏಳೋ ಎಂಟೋ ಕೋಣಿ ಸಿಕ್ಕುವು. ಒಂದೊಂದು ಕೋಣಿ ಅಂಗೈ ಅಗಲ, ಎತ್ತರ ಎರಡು ಬೆರಳು, ನೆಲ ಸಾರಿಸಿದಂಗ ನುಣ್ಣಗ. ಕೆಲವದರಾಗ ಮರಿ, ಕೆಲವದರಾಗ ಬರೇ ಬೀಜ. ನಮ್ಮ ಕಡೆ ನೆಲದಾಗ ಜ್ವಾಳ ತುಂಬಿಡೂ ಹಗೇವು ಇರ್ತಿದ್ವಲ್ಲ, ಬಾಯಿ ಸಣ್ಣು, ಹೊಟ್ಟಿ ದೊಡ್ಡದು, ಅದ ನಮೂನಿ. ಎಲ್ಲಾ ಬೀಜಾ ಕೂಡಿಸಿ ಅಳದ್ರ ಅರ್ಧ ಪಾವು ಆತು ನೋಡ್ರಿ. ಸಾವಿ ಹುಲ್ಲು, ಕಿರಸಾಲಿ, ಇನ್ನ ಹೆಸರು ಗೊತ್ತಿಲ್ಲದ ಹುಲ್ಲು. ಜ್ವಾಳ ಹುಡುಕಿ ಹುಡುಕಿ ಹನ್ನೊಂದು ಕಾಳು ಸಿಕ್ಕುವು. ‘ನಮ್ಮ ಹೊಲಾ ಸುಲಗಿ ಮಾಡ್ತಾವ್ರಿ ಸರ’ ಅಂತಿದ್ದ ಹುಡುಗನ ಮುಂದ ಆ ಹನ್ನೊಂದು ಕಾಳು ಇಟ್ಟು ಎಣಿಸು ಅಂದೆ.

ಬೀಜಾ ಒಂದೊಂದ ಭೂತಗನ್ನಡ್ಯಾಗ ನೋಡಿದ್ವಿ. ಮ್ಯಾಲಿನ ಹೊಟ್ಟು ಸುಲದಿದ್ದು ಖರೇ. ನೀವು ಕಂಡ ಹೊಟ್ಟಿನ ಬಳಿ ಅದರದ. ಕಡದು ಹೋಳು ಮಾಡಿದ್ದು ಒಂದೂ ಇರಲಿಲ್ಲ. ಎಲ್ಲಾ ಇಡೀ ಕಾಳು.

ಇದಕ್ಕ ಭೂತಗನ್ನಡೀನೂ ಬ್ಯಾಡ, ಅಡಗಿಮನಿ ಬುದ್ಧಿ ಸಾಕು. ಇಡೀ ಜ್ವಾಳ ಚೀಲದಾಗ ವರ್ಷ ಇರ್ತಾವ. ಅದನ್ನ ಒಡದು ನುಚ್ಚು ಮಾಡಿ ಇಡ್ರಿ, ಎರಡು ತಿಂಗಳಿಗೆ ಹುಳಾ, ಮಳಿಗಾಲ ಇದ್ರ ಬೂಸ್ಟು. ಹೊಟ್ಟಿನ ಒಳಗಿನ ಸಿಪ್ಪಿನ ಬೀಜದ ಬೀಗ. ಕೂಡಿಡೂ ಇರುವಿ ಎಲ್ಲಾ ಬೀಗ ಒಡದು ಕೂಡತೈತೇನು? ಒಡಿಯೂದು ತಿನ್ನೂ ಹೊತ್ತಿಗೆ. ದೊಡ್ಡ ತಲಿ ಅದಾವಲ್ಲ, ಆ ತಲಿ ತುಂಬ ದವಡಿ ಎಳಿಯೋ ಮಾಂಸ. ಅವು ಬೀಜ ಒಡೀತಾವ, ಜೊಲ್ಲು ಕಲಿಸಿ ಹಿಟ್ಟಿನಂಗ ಜಗೀತಾವ. ಬೆಳೆದ ಇರುವಿಗೆ ಗಟ್ಟಿ ಪದಾರ್ಥ ನುಂಗಾಕ ಬರಂಗಿಲ್ಲ, ರಸಾ ಅಷ್ಟ ಹೀರತೈತಿ, ಗಟ್ಟಿ ತಿನ್ನೂದು ಮರಿ.

ಹಂಗಾದ್ರ ಒಳಗ ಮೊಳಕಿ ಯಾಕ ಬರಂಗಿಲ್ಲ? ಒಣ ಕೋಣ್ಯಾಗ ಇಡ್ತಾವ, ಅಷ್ಟ. ನೀರು ಹೋದ್ರ ಹೊರಗ ತಂದು ಒಣಗಿಸ್ತಾವ, ನೀವು ನೋಡಿದಂಗ. ಭೂಮಧ್ಯ ಸಮುದ್ರದ ಕಡಿ ಮೆಸ್ಸರ್ ಅಂತ ಇನ್ನೊಂದು ಕುಲ ಐತಿ, ಅದು ಬೇರು ಕಣ್ಣು ಬಿಟ್ಟಿದ್ದನ್ನ ಕಚ್ಚಿ ತೆಗೀತೈತಿ ಅಂತ ನೋಡಿ ಬರದಾರ. ಮೊಳಕಿ ಪೂರಾ ಬಂದ್ರ ಹೊಟ್ಟಿನ ಬಳಿಗೆ ಒಗೀತಾವ. ಮುಂದಿನ ಮಳಿಗೆ ಆ ಬಳಿ ಒಳಗ ಹುಲ್ಲು ದಟ್ಟ ಏಳೂದು ಅದಕ್ಕ. ಗೊಬ್ಬರಾನೂ ಅಲ್ಲೇ, ಬೀಜಾನೂ ಅಲ್ಲೇ.

ಕೊತ್ತಂಬ್ರಿ ‘ಬೀಜ’ ಅಂತೀವಲ್ಲ, ಅದು ಬೀಜ ಅಲ್ಲ, ಕಾಯಿ. ಒಳಗ ಎರಡು ಬೀಜ ಹೊಟ್ಟಿಗೆ ಹೊಟ್ಟಿ ಹಚ್ಚಿ ಕುಂತಿರ್ತಾವ. ಒತ್ತಿದ್ರ ತಾನ ಎರಡಾಗತೈತಿ, ಎರಡೂ ಹುಟ್ಟತಾವ. ಬಿತ್ತೂ ಮುಂದ ಹೆಣ್ಮಕ್ಕಳು ಚಪ್ಲಿಲೆ ತಿಕ್ಕೂದು ಅದಕ್ಕ. ಈಗ ತಿಳೀತೇನು ನಾ ಮದಲ ಯಾಕ ಕೇಳಿದೆ ಅಂತ?

ಕೊತ್ತಂಬ್ರಿ ಉಳಿಸ್ಕೊಳ್ಳಾಕ ವಿಷಾ ಬೇಕಾಗಿಲ್ಲ. ಮಸಾರಿ ಮ್ಯಾಲೆ ಚೆಲ್ಲಿ ಹಂಗ ಬಿಟ್ರ ಇರುವಿಗೆ ಸಂತಿ ಮಾಡಿ ಇಟ್ಟಂಗ. ಬೆರಳಿಲೆ ಗೆರಿ ಎಳದು ಹಾಕ್ರಿ, ಮಣ್ಣು ಮುಚ್ಚರಿ, ಅವತ್ತ ನೀರು ಬಿಡ್ರಿ. ಸಾಲು ಬರೂ ದಾರ್ಯಾಗ ಒಂದು ಹಿಡಿ ಅಕ್ಕಿ ನುಚ್ಚು ಒಗೀರಿ. ಹತ್ತಿರ ಸಿಕ್ಕಿದ್ದು ಬಿಟ್ಟು ದೂರ ಹೋಗೂ ಹುಚ್ಚರಲ್ಲ ಅವು. ಬಿಳಿಜ್ವಾಳದ ಚಿಂತಿ ಅಂತೂ ಬ್ಯಾಡ, ಕೂರಿಗಿ ಇಳಿಸಿದ ಆಳಕ್ಕ ಅವು ಬೀಜ ಹುಡುಕಾಕ ಬರಂಗಿಲ್ಲ.

ಆ ಅಗಿದ ಗೂಡು? ವಾರದ ಮ್ಯಾಲೆ ಹೋಗಿ ನೋಡಿದೆ. ಒಂದು ಇರುವಿ ಇರಲಿಲ್ಲ. ಬೀಜಾ ತಂದು ತಗ್ಗಿನಾಗ ಸುರುವಿದೆ, ಯಾರೂ ಮುಟ್ಟಲಿಲ್ಲ. ಆಮ್ಯಾಲೆ ಅಗಿಲಿಲ್ಲ ನಾ.

ಬೈಲಹೊಂಗಲದಾಕಿ:

ಮಾಸ್ತರ ಹಗೇವು ಅಂದದ್ದಕ್ಕೆ ಬರೀತಿದ್ದೀನಿ. ನಮ್ಮಜ್ಜಿ ತವರು ಬಾಗೇವಾಡಿ ಕಡೆ. ಅವರ ಮನೆ ಮುಂದೆ ಎರಡು ಹಗೇವು ಇದ್ದವಂತೆ. ಗೋಡೆಗೆ ಕಣಕಿ, ಹೊಟ್ಟು ಒತ್ತಿ ಜೋಳ ತುಂಬಿ ಮೇಲೆ ಹಾಸುಗಲ್ಲು, ಮಣ್ಣು. ತೆಗೆದ ದಿನ ಯಾರೂ ಕೂಡಲೇ ಇಳಿಯುವಂತಿರಲಿಲ್ಲ, ಒಳಗೆ ಉಸಿರುಕಟ್ಟುವ ಗಾಳಿ. ದೀಪ ಇಳಿಬಿಟ್ಟು, ಆರದೆ ಉರಿದರೆ ಮಾತ್ರ ಆಳು ಇಳಿಯೋದು. ಗೋಡೆಗೆ ಅಂಟಿಕೊಂಡಿದ್ದ ಜೋಳ ಕಪ್ಪಾಗಿ ನಾರುತ್ತಿತ್ತಂತೆ, ಅದರ ರೊಟ್ಟಿ ಆಳುಮಕ್ಕಳಿಗೆ. ಅಜ್ಜಿ ಇದನ್ನ ಹೇಳುವಾಗ ದನಿ ಸಣ್ಣ ಮಾಡ್ತಿದ್ಲು.

ಇರುವೆ ಮಾತು ಬಂದಾಗೆಲ್ಲ ಆಕಿ ಬರಗಾಲದ ಕಥೆ ಹೇಳೋಳು. ಆಕಿಯ ಅಜ್ಜಿ ಕಾಲದ್ದು, 1876ರಿಂದ 78ರ ದೊಡ್ಡ ಬರ ಇರಬೇಕು. ಆಗ ವಿಜಾಪುರ ಸೀಮೆಯಲ್ಲಿ ಹಸಿದವರು ಇರುವೆ ಗೂಡು ಅಗಿದು ಹುಲ್ಲಿನ ಬೀಜ ತೆಗೆದು, ಮೊರದಲ್ಲಿ ಕೇರಿ, ಅಂಬಲಿ ಕಾಸಿದರಂತೆ. ‘ಇರುವಿ ಸಾಲ ಕೊಟ್ಟಿತ್ತು’ ಅನ್ನೋಳು. ಅದಕ್ಕೆ ಶ್ರಾವಣ ಶನಿವಾರ ನಮ್ಮ ಮನೆಯಲ್ಲಿ ಬೇವಿನ ಗಿಡದ ಬುಡದ ಗೂಡಿಗೆ ಹಿಟ್ಟು, ಸಕ್ಕರೆ ಹಾಕೋದು ತಪ್ಪಲ್ಲ. ನನ್ನ ಮಗಳು ಮೊನ್ನೆ ಹೇಳಿದಳು, ‘ಅಮ್ಮಾ, ಹಿಟ್ಟು ಒಯ್ದ್ವು, ಸಕ್ಕರೆ ಬಿಟ್ವು’ ಅಂತ. ಅಜ್ಜಿ ಇದ್ದಿದ್ದರೆ ಬಡ್ಡಿ ಬೇಡ ಅಂದ್ವು ಅನ್ನೋಳು.

ಟಿಳಕವಾಡಿಯಿಂದ_ಟೂಸಾನ್:

ಬೆಳಗಾವಿಯವನು, ಒಂಬತ್ತು ವರ್ಷದಿಂದ ಅರಿಜೋನಾದ ಟೂಸಾನ್‌ನಲ್ಲಿದ್ದೇನೆ. ಇಲ್ಲಿನ ಮರುಭೂಮಿಯಲ್ಲೂ ಕೊಯ್ಲಿನ ಇರುವೆ ಇದೆ, ಕುಲ ಪೊಗೊನೊಮಿರ್ಮೆಕ್ಸ್. ನಿಮ್ಮದಕ್ಕಿಂತ ದೊಡ್ಡದು, ಮೈ ಇಟ್ಟಂಗಿ ಬಣ್ಣ. ಗಲ್ಲದ ಕೆಳಗೆ ಗಡ್ಡ ಇದೆ, ಹೆಸರಿನ ‘ಪೊಗೊನ್’ ಅಂದರೂ ಗಡ್ಡವೇ. ಗೂಡಿನ ಸುತ್ತ ಒಂದು ಹುಲ್ಲುಕಡ್ಡಿ ಬಿಡದೆ ಕತ್ತರಿಸಿ ಅಂಗಳ ಮಾಡುತ್ತದೆ. ದೂರದಿಂದ ನೋಡಿದರೆ ನಮ್ಮ ಊರ ಕಣವೇ.

ಒಂದು ಎಚ್ಚರಿಕೆ, ನಿಮಗಲ್ಲ, ಇಲ್ಲಿಗೆ ಬರುವವರಿಗೆ. ಮೊದಲ ವರ್ಷ ಬೆಳಗಾವಿ ಧೈರ್ಯದ ಮೇಲೆ ಚಪ್ಪಲಿ ಹಾಕಿಕೊಂಡು ಗೂಡಿನ ಪಕ್ಕ ನಿಂತೆ. ಒಂದೇ ಒಂದು ಕುಟುಕಿತು, ಕಾಲ ಬೆರಳಿಗೆ. ಸಂಜೆವರೆಗೂ ನೋವು ಅಲೆಯಲೆಯಾಗಿ ಬಂತು. ವಿಚಿತ್ರ ಅಂದರೆ ಕುಟುಕಿದ ಜಾಗದ ಸುತ್ತ ಮಾತ್ರ ಕೂದಲು ನಿಮಿರಿ ನಿಂತು ಅಷ್ಟೇ ಜಾಗ ಬೆವರುತ್ತಿತ್ತು! ಇದು ಈ ಕುಲದ ವಿಷದ ಗುರುತು ಅಂತ ಆಮೇಲೆ ತಿಳಿಯಿತು. ಇವುಗಳಲ್ಲಿ ಮಾರಿಕೋಪಾ ಅನ್ನೋ ಜಾತಿಯ ವಿಷ ಕೀಟಗಳಲ್ಲೇ ಅತಿ ತೀಕ್ಷ್ಣವಾದವುಗಳಲ್ಲಿ ಒಂದು. ಆದರೂ ಮೈಮೇಲೆ ಮುಳ್ಳಿರುವ, ಚಪ್ಪಟೆ ಮೈಯ ಕೋಡಿನ ಓತಿಯೊಂದು ಇವನ್ನೇ ಊಟ ಮಾಡುತ್ತದೆ. ಗೂಡಿನ ಬಾಯಲ್ಲಿ ಕೂತು ಒಂದೊಂದಾಗಿ ನೆಕ್ಕುತ್ತದೆ, ಕಡಲೆ ತಿಂದ ಹಾಗೆ.

ಡೆಬೊರಾ ಗಾರ್ಡನ್ ಅನ್ನೋ ವಿಜ್ಞಾನಿ 1985ರಿಂದ ಅರಿಜೋನಾ–ನ್ಯೂ ಮೆಕ್ಸಿಕೊ ಗಡಿಯಲ್ಲಿ ಇವುಗಳ ಒಂದು ಜಾತಿಯನ್ನು, ಬಾರ್ಬೇಟಸ್ ಅಂತ, ಗೂಡು ಗೂಡಿಗೆ ಲೆಕ್ಕ ಇಟ್ಟು ನೋಡುತ್ತಾ ಬಂದಿದ್ದಾರೆ. ಒಂದು ಗೂಡು ಇಪ್ಪತ್ತರಿಂದ ಮೂವತ್ತು ವರ್ಷ ಬಾಳುತ್ತದೆ, ಅಷ್ಟೂ ವರ್ಷ ಒಂದೇ ರಾಣಿ. ಕೆಲಸದ ಇರುವೆಗಳ ಆಯುಷ್ಯ ಒಂದು ವರ್ಷದ ಸುಮಾರು. ರಾಣಿ ಹಾರಿದ ದಿನ ಕೂಡಿಕೊಂಡ ಗಂಡುಗಳ ವೀರ್ಯವನ್ನೇ ಕೊನೆತನಕ ಹೊಟ್ಟೆಯಲ್ಲಿಟ್ಟುಕೊಂಡು ಖರ್ಚು ಮಾಡುತ್ತಾಳೆ. ಅದೂ ಒಂದು ಹಗೇವೇ ಅನ್ನಿ.

ಅವರು ಕಂಡುಕೊಂಡದ್ದರಲ್ಲಿ ನನಗೆ ಹಿಡಿಸಿದ್ದು ನೀರಿನ ಲೆಕ್ಕ. ಬಿಸಿಲಲ್ಲಿ ಬೀಜ ಹುಡುಕಲು ಹೋದ ಇರುವೆ ಮೈನೀರು ಕಳೆದುಕೊಳ್ಳುತ್ತದೆ. ಆ ನೀರು ಮರಳಿ ಸಿಗುವುದು ಬೀಜದ ಕೊಬ್ಬು ಕರಗಿದಾಗಲೇ. ಆದ್ದರಿಂದ ಗೂಡಿನ ಬಾಯಲ್ಲಿ ಕಾಯುತ್ತಿರುವ ಇರುವೆ ತಾನಾಗಿ ಹೊರಡೋದಿಲ್ಲ. ಬೀಜ ಹೊತ್ತವರು ಬೇಗ ಬೇಗ ಬಂದು ಮೀಸೆ ತಾಗಿಸಿದರೆ ಹೊರಗೆ ಕಾಳು ಹೇರಳ ಅಂತ ಹೊರಡುತ್ತದೆ, ಬರುವವರು ಕಡಿಮೆಯಾದರೆ ಕೂರುತ್ತದೆ. ಅಂತರ್ಜಾಲದಲ್ಲಿ ಮಾಹಿತಿ ಕಳಿಸುವ ವೇಗ ನಿಯಂತ್ರಿಸುವುದೂ ಇದೇ ಉಪಾಯದಿಂದ. ಸ್ಟ್ಯಾನ್‌ಫೋರ್ಡಿನ ಬಾಲಾಜಿ ಪ್ರಭಾಕರ್ ಮತ್ತು ಗಾರ್ಡನ್ 2012ರಲ್ಲಿ ಈ ಹೋಲಿಕೆ ತೋರಿಸಿದರು. ಬರದ ದಿನ ಹೊರಗೆ ಹೋಗೋದನ್ನ ಕಡಿಮೆ ಮಾಡಿ ಸುಮ್ಮನೆ ಕೂತ ಗೂಡುಗಳೇ ಹೆಚ್ಚು ಮರಿಗೂಡು ಬಿಟ್ಟವು ಅನ್ನೋದೂ ಅವರದೇ ಲೆಕ್ಕ, 2013ರದು. ಸಂಗ್ರಹ ಇದ್ದವರಿಗೆ ಒಂದು ದಿನದ ಕೂಲಿ ತಪ್ಪಿದರೆ ನಷ್ಟವಿಲ್ಲ.

ಟ್ರೈಕೊಮಿರ್ಮೆಕ್ಸ್‌ಗೂ ಈ ಲೆಕ್ಕ ಕೂಡುತ್ತದೆ ಅಂತ ನಾನು ಹೇಳುತ್ತಿಲ್ಲ, ಇದು ಇಲ್ಲಿಯ ಮಾತು. ಆದರೆ ಇಂಡಿಯ ಬೇಸಿಗೆ ಮಧ್ಯಾಹ್ನ ಆ ಸಾಲು ಇರುತ್ತದೋ ಇಲ್ಲವೋ ನೋಡಿ ಬರೆಯಿರಿ.

ಬೀಜ_ಗೊಬ್ಬರ:

ಪುಡಿ ಮಾತು ವಾಪಸ್ ತಗೊಂಡೀನ್ರಿ ಮಾಸ್ತರ. ಅಂಗಡಿ ನಡೀಬೇಕಲ್ಲ, ಬಾಯಿಗೆ ಬಂದು ಬಿಡತೈತಿ. ಆದ್ರ ಒಂದು ಅನುಮಾನ. ಮಿರಗದ ಮಳ್ಯಾಗ ದೀಪಕ್ಕ ರೆಕ್ಕಿ ಹುಳಾ ಬಂದು ಬೀಳ್ತಾವಲ್ಲ, ಅವು ಇವುರ್ದೇನು?

ಜಮಖಂಡಿ_ಮಾಸ್ತರ:

ಅದರಾಗ ಹೆಚ್ಚಿನವು ಗೆದ್ದಲ. ನಾಕು ರೆಕ್ಕಿ ಒಂದ ಅಳತಿ ಇದ್ದು, ಮುಟ್ಟಿದ್ರ ಉದುರಿದ್ರ ಗೆದ್ದಲ. ಮುಂದಿನ ಎರಡು ದೊಡ್ಡು, ಹಿಂದಿನ ಎರಡು ಸಣ್ಣು ಇದ್ದು, ನಡ ಸಣ್ಣ ಇದ್ರ ಇರುವಿ. ಇರುವಿ ಮದಿವೀನೂ ಮಳಿ ನಂತರಾನ.

ಟೂಸಾನದವರ ಕೋಡಿನ ಓತಿ ಕಥಿ ಛಲೋ ಐತಿ. ನಮ್ಮ ಮರಡ್ಯಾಗೂ ಇರುವಿ ತಿನ್ನೂ ಓತಿಕ್ಯಾತ ಐತಿ, ಬ್ಯಾಸಗಿ ಕಡೀಕ ಗಂಡು ಕಲ್ಲಿನ ಮ್ಯಾಲೆ ನಿಂತು ಗಂಟಲಾಗ ಬೀಸಣಿಗಿ ಬಿಚ್ಚತೈತಿ. ಬೀಳಗಿ, ಯಡಹಳ್ಳಿ ಕಡೆ ಚಿಂಕಾರ ನೋಡಾಕ ಹೋದವರು ಕೆಳಗೂ ಒಮ್ಮೆ ನೋಡ್ರಿ.

ಇಂಡಿಯವರು ಚಪ್ಲಿ ಪ್ರಶ್ನೆಕ್ಕ ಉತ್ತರ ಕೊಟ್ಟಿಲ್ಲ ಇನ್ನೂ.

ಲಿಂಬಿತೋಟ_ಇಂಡಿ:

ಕೊಡಾಕ ಮುಖಾ ಇರಲಿಲ್ರಿ ಮಾಸ್ತರ. ನಮ್ಮವ್ವನ್ನ ಕೇಳಿದೆ. ‘ತಿಕ್ಕದ ಬಿತ್ತತಾರೇನೋ ಹುಚ್ಚಪ್ಪಾ, ಪಡಸಾಲ್ಯಾಗ ಕುಂತು ನಿನ್ನ ಚಪ್ಲಿಲೇನ ತಿಕ್ಕೀನಿ’ ಅಂದಳು. ನಾ ಅವತ್ತ ಎದುರಿಗೆ ಚಾ ಕುಡೀತಾ ಕುಂತಿದ್ದೆ!

ಆದ್ರೂ ಮನಸ್ಸು ಒಪ್ಪಲಿಲ್ಲ. ಬಳಿಯೊಳಗ ಬಿದ್ದ ಹೋಳು ಇಪ್ಪತ್ತು ಆರಿಸಿದೆ. ಆರಿಸೂಮುಂದ ಎರಡು ಸಲ ಕಡಿಸಿಕೊಂಡೆ, ಚುರ್ ಅಂತು ಅಷ್ಟ. ಹತ್ತು ಹೋಳು ಒಂದು ತೆಂಗಿನ ಚಿಪ್ಪಿನ್ಯಾಗ, ಮನ್ಯಾಗ ಉಳಿದಿದ್ದ ಅವ್ವ ತಿಕ್ಕಿದ ಹೋಳು ಹತ್ತು ಇನ್ನೊಂದು ಚಿಪ್ಪಿನ್ಯಾಗ ಹಾಕಿ ನೀರು ಚಿಮುಕಿಸಿದೆ. ಇವತ್ತಿಗೆ ಹನ್ನೊಂದನೇ ದಿನ. ಅವ್ವನ ಚಿಪ್ಪಿನ್ಯಾಗ ಏಳು ಎದ್ದಾವ. ಇರುವಿ ಚಿಪ್ಪಿನ್ಯಾಗ ಆರು. ಉಳಿದ ಹತ್ತು ಹೋಳು ತೂತಿನ ಬಾಯಾಗ ವಾಪಸ್ ಇಟ್ಟು ಬಂದೆ, ಅರ್ಧ ತಾಸಿನ್ಯಾಗ ಒಂದೂ ಇರಲಿಲ್ಲ. ಒಂದು ಸಣ್ಣ ತಲಿಯದು ಹೋಳು ಹಿಡದು ಹಿಂದಕ್ಕ ಹಿಂದಕ್ಕ ಎಳಕೋತ ಹೋತು, ತೂತಿನ ಬಾಯಾಗ ಅದು ಅಡ್ಡ ಸಿಕ್ಕಿತು, ಒಳಗಿಂದ ದೊಡ್ಡ ತಲಿಯದು ಬಂದು ತಿರುವಿ ಜಗ್ಗಿತು.

ವಾಟ್ಸಾಪಿನ ಮಾತು ಕಳಿಸಿದ್ದ ಅಳಿಯಗ ಎರಡೂ ಚಿಪ್ಪಿನ ಫೋಟೊ ಹಾಕೀನಿ. ನೀಲಿ ಗೆರಿ ಬಂದಾವ, ಉತ್ತರ ಬಂದಿಲ್ಲ.